ತೊಟ್ಟಿಲಿಗೆ ಬಗ್ಗಲು ಕಲಿತ ವರ್ಷ

ಮೊನ್ನೆ ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ, ಯರಗಟ್ಟಿ ದಾಟಿದ ಮೇಲೆ, ಪಕ್ಕದ ಸೀಟಿನ ಮುದುಕಿ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ ಚೀಲದಿಂದ ಮುಲಾಮಿನ ಡಬ್ಬಿ ತೆಗೆದಳು. ಕರ್ಪೂರ, ನೀಲಗಿರಿ ಎಣ್ಣೆ, ಅದರ ಬೆನ್ನಿಗೇ ಸುಟ್ಟ ಬೆಳ್ಳುಳ್ಳಿಯ ಘಾಟು. ಮುಂದಿನ ಸೀಟಿನವರು ಪಟಪಟನೆ ಕಿಟಕಿ ಸರಿಸಿದರು. ನಾನು ಮಾತ್ರ ಮೂಗರಳಿಸಿ ಕುಳಿತೆ. ಆ ವಾಸನೆ ನನಗೆ ನೋವಿನದಲ್ಲ, ಸೇಡಿನದು. ಹೋದ ವರ್ಷದ ಮುಂಗಾರಿನ ಕಾರಹುಣ್ಣಿವೆಯಿಂದ ಈ ವರ್ಷದ ಮಾಘಮಾಸದವರೆಗೆ ದಿನಾ ಬೆಳಿಗ್ಗೆ ಅದನ್ನೇ ತಿಕ್ಕಿಕೊಂಡು, ಒಬ್ಬ ಹೆಂಗಸಿನ ಹೆಸರು ಜಪಿಸುತ್ತ ಎದ್ದವಳು ನಾನು. ಕಸ್ತೂರಿ ವೈನಿ. ನಮ್ಮ ಅಣ್ಣನ ಹೆಂಡತಿ.

ಐವತ್ತೊಂದು ವರ್ಷದ ಹೆಣ್ಣುಮಗಳು ಸೇಡು ಎಂದರೆ ಜನ ನಗುತ್ತಾರೆ. ನಗಲಿ. ಬೈಲಹೊಂಗಲದ ಪ್ಯಾಟಿಯಲ್ಲಿ ನನ್ನದೊಂದು ಜಂಪರ್ ಹೊಲಿಯುವ ಅಂಗಡಿಯಿದೆ. ಊರಿನ ಅರ್ಧದಷ್ಟು ಹೆಂಗಸರ ಎದೆ, ಸೊಂಟ, ತೋಳುಗಳ ಅಳತೆ ನನ್ನ ವಹಿಯಲ್ಲಿದೆ. ನನ್ನ ಅಳತೆಯನ್ನು ಮಾತ್ರ ಹತ್ತು ವರ್ಷಗಳಿಂದ ತೆಗೆದಿರಲಿಲ್ಲ. ಅಂದಾಜಿನ ಮೇಲೆ ಹೊಲಿದುಕೊಳ್ಳುತ್ತಿದ್ದೆ, ಅಂದಾಜು ಪ್ರತಿ ದೀಪಾವಳಿಗೆ ಸುಳ್ಳಾಗುತ್ತಿತ್ತು. ಕೂತು ಮಾಡುವ ಕೆಲಸ, ಚಿಂತೆ ಮಾಡುವ ಸ್ವಭಾವ. ಚಿಂತೆಗೂ ಹಸಿವೆಗೂ ನನ್ನೊಳಗೆ ಒಂದೇ ಬಾಗಿಲು. ಮಳೆ ಬಂದರೆ ಬಟ್ಟೆಗಂಟು ತೊಯ್ದೀತೆಂದು ಒಂದು ಮುಷ್ಟಿ ಶೇಂಗಾ, ಬಾರದಿದ್ದರೆ ಊರಿನ ಗತಿ ಏನೆಂದು ಇನ್ನೊಂದು ಮುಷ್ಟಿ. ಹೀಗೆ ತೊಂಬತ್ತಾರು ಕಿಲೋ ಆಗಿದ್ದೆ.

ನನ್ನ ತವರು ರಾಮದುರ್ಗ. ಅಲ್ಲಿ ಅಣ್ಣ ಈರಣ್ಣ ಮತ್ತು ಕಸ್ತೂರಿ ವೈನಿ, ತಮ್ಮ ಮಲ್ಲು ಮತ್ತು ಅವನ ಹೆಂಡತಿ ದೀಪಾ ಒಂದೇ ಮನೆಯಲ್ಲಿದ್ದಾರೆ. ಮಲ್ಲುವಿಗೆ ಮದುವೆ ತಡವಾಗಿ ಆಯಿತು. ಹೋದ ವರ್ಷ ಕಾರಹುಣ್ಣಿವೆ ಕಳೆದ ವಾರ ದೀಪಾಳಿಗೆ ಏಳನೇ ತಿಂಗಳ ಕುಬಸ, ಅಂದರೆ ಸೀಮಂತ. ಹೊಸ ಸೀರೆಯುಟ್ಟು ಹೋದೆ. ಮಧ್ಯಾಹ್ನ ಪಂಗ್ತಿ ಹಾಕಿದರು. ಎಲ್ಲರೊಡನೆ ನೆಲದ ಮೇಲೆ ಕೂತು ಎರಡು ಹೋಳಿಗೆ ಉಂಡೆ. ಸುಳ್ಳು ಯಾಕೆ, ನಾಲ್ಕು. ಏಳಬೇಕೆಂದಾಗ ಎಡಮಂಡಿ ‘ನಾ ಬರುವುದಿಲ್ಲ’ ಎಂದಿತು. ಬಲಮಂಡಿ ‘ಅದು ಬರದಿದ್ದರೆ ನಾನೂ ಬರುವುದಿಲ್ಲ’ ಎಂದಿತು. ಕೈಯೂರಿದೆ, ಮಗ್ಗುಲಾದೆ, ತುಪ್ಪದ ಕೈ ಜಾರಿತು. ಕಡೆಗೆ ಕಟ್ಟಿನ ಸಾರು ಬಡಿಸುತ್ತಿದ್ದವನು ಬಕೆಟ್ ಕೆಳಗಿಟ್ಟು ಬಂದ. ಇನ್ನೂ ಮೂವರು ಬಂದರು. ಎತ್ತಿನ ಗಾಡಿ ಕೆಸರಿನಿಂದ ಎತ್ತುವಾಗ ಕೂಗುವ ಹಾಗೆ ಯಾರೋ ಒಬ್ಬರು ಕೂಗಿದರು ಕೂಡ.

ಊಟದ ಮೇಲೆ ಒಡಪು ಹೇಳುವ ಸರದಿ. ನಮ್ಮ ಕಡೆ ಇಂಥ ಕಾರ್ಯಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸ ಕಟ್ಟಿಯೇ ಹೇಳಬೇಕು. ದೀಪಾ ಹೇಳಿದಳು. ಆಮೇಲೆ ಕಸ್ತೂರಿ ವೈನಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡುತ್ತ ಹೇಳಿದಳು:

“ಕುಂಬಳಕಾಯಿ ಎತ್ತಾಕ ಇಬ್ಬರು ಬೇಕ ಹೊಲದಾಗ,
ನಮ್ಮ ನಾದನಿ ಎತ್ತಾಕ ನಾಲ್ವರು ಬೇಕ ಪಂಗ್ತ್ಯಾಗ,
ಈರಣ್ಣಾರ ಹೆಸರ ಹೇಳತೇನಿ ಕುಬಸದ ಮನಿಯಾಗ.”

ಮನೆ ಬಿರಿಯುವಂತೆ ನಕ್ಕರು. ನಾನೂ ನಕ್ಕೆ. ದಪ್ಪಗಿರುವವರಿಗೆ ಅದೊಂದು ವಿದ್ಯೆ ಸಿದ್ಧಿಸಿರುತ್ತದೆ, ಬೇರೆಯವರಿಗಿಂತ ಅರ್ಧ ಕ್ಷಣ ಮೊದಲು ನಗುವುದು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಅದರ ವಿಡಿಯೋ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಬಂದಿತ್ತು. ಕೆಳಗೆ ಮೂವತ್ತೊಂದು ನಗುವ ಮುಖಗಳು. ಎಣಿಸಿದ್ದೇನೆ. ಅದರಲ್ಲೊಂದು ನಮ್ಮ ಯಜಮಾನರದು.

“ಗುಂಪಿನ್ಯಾಗ ಇದ್ದ ಮ್ಯಾಲೆ ಏನರ ಒತ್ತಬೇಕಲ್ಲ?” ಅಂದರು ಅವರು. ಅವರು ಬಸ್ ಕಂಡಕ್ಟರ್. ಮಂದಿಯೊಡನೆ ಹೊಂದಿಕೊಂಡು ಹೋಗುವುದು ಅವರ ನೌಕರಿ.

ನನ್ನೊಬ್ಬಳ ಮಾತಾಗಿದ್ದರೆ ಒಂದು ತಿಂಗಳಲ್ಲಿ ಮರೆಯುತ್ತಿದ್ದೆನೇನೋ. ಆದರೆ ವೈನಿಯ ಆ ನಾಲಿಗೆ ನನ್ನ ಮೇಲೆ ಹೊಸದಾಗಿ ಮಸೆದದ್ದಲ್ಲ. ಅವಳು ಅದನ್ನು ಹರಿತ ಮಾಡಿಕೊಂಡದ್ದು ನಮ್ಮ ಅವ್ವನ ಮೇಲೆ. ನಮ್ಮವ್ವ ಗೌರವ್ವ ನನ್ನಂತೆಯೇ ಭಾರಿ ಆಳು, ನನ್ನವೇ ಮಂಡಿಗಳು. ಕಡೆಯ ಎರಡು ವರ್ಷ ಪಡಸಾಲೆಯ ಹೊರಸಿನ ಮೇಲೆ ಕಳೆದಳು. ಅವಳನ್ನು ಎಬ್ಬಿಸಬೇಕಾದಾಗೆಲ್ಲ ವೈನಿ ಓಣಿಗೆ ಕೇಳುವಂತೆ “ಲಾರಿ ತರಸ್ರಿ” ಎನ್ನುತ್ತಿದ್ದಳು. ಮಲ್ಲುವಿನ ಮದುವೆಯಲ್ಲಿ ಮನೆಯವರೆಲ್ಲ ಫೋಟೋಕ್ಕೆ ನಿಂತಾಗ, “ಅತ್ತಿ ಹೊರಗ ಕುಂದರಲಿ, ಫೋಟೋದಾಗ ಅರ್ಧಾ ಇವರ ಬರತಾರ” ಅಂದಳು. ಅವ್ವ ಮಂಟಪದ ಹೊರಗೆ ಕುರ್ಚಿಯ ಮೇಲೆ ಕೂತುಬಿಟ್ಟಳು. ಆ ಫೋಟೋ ಈಗಲೂ ರಾಮದುರ್ಗದ ಗೋಡೆಯ ಮೇಲಿದೆ, ಅದರಲ್ಲಿ ಅವ್ವ ಇಲ್ಲ. ಮುಂದಿನ ಬೇಸಿಗೆಗೆ ಅವಳು ಎಲ್ಲೂ ಇರಲಿಲ್ಲ.

ಅದಕ್ಕೇ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಒಂದು ನಿರ್ಧಾರ ಮಾಡಿದೆ. ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ತಂದೆಯ ಒಡಹುಟ್ಟಿದವಳು. ಅವಳು ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿದ ಕ್ಷಣ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೋ ಯಾರಿಗೂ ಗೊತ್ತಿಲ್ಲ. ಗುದ್ದಲು ಸಿಕ್ಕಾಗ ಕಾರಣ ಕೇಳುವವರು ಕಡಿಮೆ. ಆದರೆ ಕಿವಿಗೆ ಮೊದಲು ಬಿದ್ದ ಹೆಸರು ಗಟ್ಟಿ. ಸಾಲೆಯಲ್ಲಿ, ಆಧಾರಿನಲ್ಲಿ ಏನಾದರೂ ಇರಲಿ, ಮನೆಯಲ್ಲಿ ಅದೇ ನಡೆಯುತ್ತದೆ. ಮಲ್ಲುವಿಗೆ ಒಡಹುಟ್ಟಿದ ಅಕ್ಕ ನಾನೊಬ್ಬಳೇ. ಹುಟ್ಟುವುದು ಹೆಣ್ಣಾದರೆ ಅದರ ಕಿವಿಯಲ್ಲಿ ‘ಗೌರವ್ವ’ ಎಂದು ಹೇಳುತ್ತೇನೆ. ಆಮೇಲೆ ಕಸ್ತೂರಿ ವೈನಿ ಬದುಕಿರುವ ತನಕ, ತನ್ನ ಬಾಯಿಂದಲೇ, ದಿನಕ್ಕೆ ಇಪ್ಪತ್ತು ಸಲ ಆ ಹೆಸರನ್ನು ಕರೆಯಬೇಕು. ಅದನ್ನು ಉಣಿಸಬೇಕು, ಎರೆಯಬೇಕು, ಮುದ್ದಿಸಬೇಕು. ಗಂಡು ಹುಟ್ಟಿದರೆ ಏನು ಮಾಡುವುದೆಂಬ ಚಿಂತೆಯಲ್ಲಿ ಎರಡು ತಿಂಗಳು ನಿದ್ದೆಗೆಟ್ಟೆ. ಗೌರಪ್ಪ ಅನ್ನುವ ಹೆಸರಿದೆಯೇ ಎಂದು ಗಿರಾಕಿಗಳನ್ನೆಲ್ಲ ಕೇಳಿದೆ.

ಬಗ್ಗಬೇಕೆಂದರೆ ಮಂಡಿ ಬೇಕು. ಡಾಕ್ಟರ್ ಬಾಯಿಯ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವಳು, ರಿಪೋರ್ಟಿನಿಂದ ಕಣ್ಣೆತ್ತದೆ ಕೇಳಿದಳು.

“ಎದಕ್ಕ ಬಂದ್ರಿ ಅಕ್ಕಾರ? ಮಂಡಿಗೋ, ತೂಕಕ್ಕೋ, ಸಕ್ಕರಿಗೋ?”

“ಸೇಡಿಗೆ ಬಂದೇನ್ರಿ,” ಅಂದುಬಿಟ್ಟೆ.

ಅವಳು ಕಣ್ಣೆತ್ತಿದಳು. ಎಲ್ಲ ಕೇಳಿದ ಮೇಲೆ ನಗಲಿಲ್ಲ, ಅದಕ್ಕೇ ಅವಳ ಮೇಲೆ ನಂಬಿಕೆ ಬಂತು. ಸಕ್ಕರೆ ಗಡಿಯ ಮೇಲೆ ನಿಂತಿದೆ, ಯಕೃತ್ತಿಗೆ ಕೊಬ್ಬು ಕೂತಿದೆ, ಮಂಡಿಯ ಮೆತ್ತೆ ಸವೆದಿದೆ ಎಂದಳು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡಿನ ಗಂಟು, ಕ್ಯಾನ್ಸರ್ ಇತ್ತೇ, ಪಿತ್ತದ ಹರಳಿದೆಯೇ, ಮೇದೋಜೀರಕದ ಬೇನೆ ಬಂದಿತ್ತೇ ಎಂದೆಲ್ಲ ಕೇಳಿ, ವಾರಕ್ಕೊಂದು ಸೂಜಿ ಬರೆದಳು.

“ಇದು ಹಸಿವಿಗೆ ಕಡಿವಾಣ ಹಾಕತೈತಿ, ಸಕ್ಕರಿ ಹದ್ದುಬಸ್ತಿನ್ಯಾಗ ಇಡತೈತಿ. ಭಾರ ಇಳದ್ರ ಮಂಡಿನೂ ಉಸರಾಡತಾವ. ಆದ್ರ ಅಕ್ಕಾರ, ಇಳಿಯೂವಾಗ ಬರೇ ಕೊಬ್ಬು ಇಳಿಯಂಗಿಲ್ಲ, ಖಂಡಾನೂ ಇಳೀತೈತಿ. ಕಾಲಿಗೆ ಕೆಲಸ ಕೊಡ್ರಿ. ಬ್ಯಾಳಿ, ಕಾಳು, ಮೊಸರು ಹೊತ್ತಿಗೆ ಸರಿಯಾಗಿ ತಿನ್ರಿ. ಇಲ್ಲಂದ್ರ ಹಗರ ಆಗತೀರಿ, ಗಟ್ಟಿ ಆಗಂಗಿಲ್ಲ.”

ನಾನು ಮೊದಲ ಅರ್ಧ ಕೇಳಿಸಿಕೊಂಡೆ.

ಸೂಜಿಯ ಪೆಟ್ಟಿಗೆಯೊಳಗಿನ ಚೀಟಿ ಬಿಚ್ಚಿದರೆ ಒಂದು ಜಂಪರಿನ ಬಟ್ಟೆಯಷ್ಟಾಗುತ್ತಿತ್ತು. ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ವಾಕರಿಕೆ, ತೇಗು, ಮಲಬದ್ಧತೆ, ತಲೆಸುತ್ತು. ಸೂಜಿ ಚುಚ್ಚಿಕೊಳ್ಳುವ ಮುನ್ನವೇ ಅದರಲ್ಲಿ ಮೂರು ನನಗೆ ಶುರುವಾಗಿದ್ದವು. “ಇಕೀ ಚೀಟಿ ಓದೇ ಅರ್ಧಾ ಜಡ್ಡು ಬೀಳತಾಳ,” ಎಂದು ಯಜಮಾನರು ಮುಂದಿನ ರವಿವಾರ ಪಕ್ಕದಲ್ಲಿ ನಿಂತರು. ನಾನು ಹೊಟ್ಟೆಯ ಮಡಿಕೆ ಹಿಡಿದು ಕಣ್ಣುಮುಚ್ಚಿದಾಗ ಅಭ್ಯಾಸಬಲದಿಂದ “ಹೋಲ್ಡಾನ್… ರೈಟ್!” ಅಂದರು.

ಮೂರನೇ ವಾರಕ್ಕೆ ಒಂದು ವಿಚಿತ್ರ ಘಟಿಸಿತು. ಶೇಂಗಾ ಡಬ್ಬಿ ಎದುರಿಗಿತ್ತು, ಚಿಂತೆ ಒಳಗಿತ್ತು, ಕೈ ಹೋಗಲಿಲ್ಲ. ನಲವತ್ತು ವರ್ಷ ಮನೆಯಲ್ಲಿದ್ದ ಗದ್ದಲದ ಅತಿಥಿಯೊಬ್ಬರು ಹೇಳದೆ ಕೇಳದೆ ಎದ್ದು ಹೋದ ಹಾಗೆ ಹಸಿವೆ ಹೋಗಿತ್ತು. ಅಷ್ಟಕ್ಕೇ ತೃಪ್ತಿಪಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅಷ್ಟರಲ್ಲಿ ಶ್ರಾವಣ ಬಂತು. ಸೂಜಿ ಇಳಿಸುವುದು ಇಳಿಸಲಿ, ಮೇಲೆ ಸೋಮವಾರದ ಉಪವಾಸವೂ ಕೂಡಿದರೆ ವೈನಿಯ ಬಾಯಿ ಇನ್ನಷ್ಟು ಬೇಗ ಮುಚ್ಚೀತೆಂದು ಲೆಕ್ಕ ಹಾಕಿದೆ. ಹಸಿವೇ ಇಲ್ಲದವಳ ಉಪವಾಸಕ್ಕೆ ಪುಣ್ಯ ಬರುತ್ತದೆಯೇ ಎಂಬ ಚಿಂತೆಯೊಂದು ಇತ್ತು, ಅದನ್ನು ದೇವರಿಗೇ ಬಿಟ್ಟೆ. ಗಣಪತಿ ಹಬ್ಬದ ಹಿಂದೆ ಮುಂದೆ ದೀಪಾ ತನ್ನ ತವರು ಸವದತ್ತಿಯಲ್ಲಿ ಹಡೆದಳು. ಹೆಣ್ಣು! ಆ ಖುಷಿಗೆ ಗುರುವಾರವನ್ನೂ ಹಿಡಿದೆ. ನವರಾತ್ರಿಯ ಒಂಬತ್ತು ದಿನ ಹಾಲು, ಬಾಳೆಹಣ್ಣು. ನಡೆಯುವುದು, ಕಾಲಿನ ಕಸರತ್ತು ಯಾವುದೂ ಇಲ್ಲ. ಕೂತಲ್ಲೇ ಇಳಿಯುವಾಗ ಎದ್ದು ಇಳಿಯಬೇಕೇಕೆ? ದಸರೆಗೆ ಹತ್ತು ಕಿಲೋ ಇಳಿದಿದ್ದೆ. ಟೇಪು ಹಿಡಿದು ನನ್ನ ಅಳತೆ ನಾನೇ ತೆಗೆದು ವಹಿಯಲ್ಲಿ ಬರೆದೆ, ಜಂಪರಿಗೆಲ್ಲ ಎರಡೆರಡು ಟಕ್ಸು ಹಿಡಿದೆ.

ಜೊತೆಗೆ ಸೇಡಿನ ಒಡಪೊಂದನ್ನೂ ಹೊಲಿಯುತ್ತಿದ್ದೆ. ಅದು ಮಾತ್ರ ಮೈಗೆ ಕೂಡಲೇ ಇಲ್ಲ. ಪ್ರಾಸ ಕೂಡಿದರೆ ವಿಷ ಕಡಿಮೆ ಬೀಳುತ್ತಿತ್ತು, ವಿಷ ಕೂಡಿದರೆ ಪ್ರಾಸ. ಕಡೆಗೆ ಅದನ್ನು ಬಿಟ್ಟೆ.

ದೀಪಾವಳಿ ಪಾಡ್ಯದ ಮರುದಿನ ಕೂಸು ನೋಡಲು ಸವದತ್ತಿಗೆ ಹೋದೆ. ರಾಮದುರ್ಗದಿಂದ ಕಸ್ತೂರಿ ವೈನಿಯೂ ಬಂದಿದ್ದಳು. ಒಳಗೆ ಕಾಲಿಟ್ಟಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದ ನೋಟವಿದೆಯಲ್ಲ, ಅದೊಂದಕ್ಕಾಗಿಯೇ ಹತ್ತು ಸಲ ವಾಂತಿ ಮಾಡಿಕೊಳ್ಳಬಹುದು. ಮಾಡಿಕೊಂಡಿದ್ದೆ ಕೂಡ. ಹಾಸಿಗೆಯ ಅಂಚಿಗೆ ಕೂತೆ. ದೀಪಾ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಅಜವಾನದ ಹೊಗೆಯ ವಾಸನೆಯ ಸಣ್ಣ ಗಂಟು, ನಮ್ಮವ್ವನ ಗದ್ದ. ಅದನ್ನೆತ್ತಿಕೊಂಡು ಕಿಟಕಿಯ ಬೆಳಕಿಗೆ ತೋರಿಸೋಣವೆಂದು ಎದ್ದೆ. ಅರ್ಧ ಎದ್ದಾಗ ತೊಡೆಗಳು ಗಡಗಡ ನಡುಗಿದವು. ಕಣ್ಣಿಗೆ ಕತ್ತಲೆ. ನಾನು ಧೊಪ್ಪನೆ ಹಿಂದಕ್ಕೆ ಕೂತೆ, ಕೂಸಿನ ತಲೆ ನನ್ನ ಮೊಳಕೈಯಿಂದ ಜಾರಿತು. ವೈನಿ ಹದ್ದಿನಂತೆ ಎರಗಿ ಕೂಸನ್ನು ಕಸಿದುಕೊಂಡಳು.

ಅವಳು ಮಾಡಿದ್ದು ಸರಿ ಇತ್ತು. ನನಗೆ ಇಂದಿಗೂ ನುಂಗಲಾಗದ್ದು ಅದೇ.

“ಮೊದಲ ಹತ್ತಿ ತುಂಬಿದ ಅಂಡಿಗಿ ಚೀಲ ಇದ್ದಿ,” ಅಂದಳು ಕೂಸನ್ನು ಎದೆಗೊತ್ತಿಕೊಂಡು, “ಈಗ ಹತ್ತಿ ಸುರದ ಖಾಲಿ ಅಂಡಿಗಿ. ನಿಂದರಾಕ ಬರದಕ್ಕಿ ತೊಟ್ಲಕ್ಕ ಹೆಂಗ ಬಗ್ತೀಯ? ಮೂರ ಸಲ ತೊಟ್ಲದ ಬುಡಕಿಂದ ಕೂಸು ದಾಟಿಸಬೇಕು. ಹೆಸರ ಹೇಳಿದ ಮ್ಯಾಲ ಮಂದಿ ಬೆನ್ನಿಗೆ ಗುದ್ದತಾರ. ನೀ ಕೂಸಿನ ಮ್ಯಾಲ ಬಿದ್ರ?”

ಕೂಸಿನ ತಲೆ ಸವರುತ್ತ ವೈನಿಯೇ ಮುಂದುವರಿಸಿದಳು.

“ನಿಮ್ಮ ಕಾಕಾನ ಮಗಳು ರೇಖಾ ಅದಾಳಲ್ಲ? ಅಕೀನೂ ಅತ್ತೀನ. ದಿನಾ ಯೋಗಾ ಮಾಡತಾಳ. ಅಕೀ ಇಡ್ಲಿ ಹೆಸರು. ‘ರಿಯಾಂಶಿ’ ಅಂತ ನಾ ಆಗ್ಲೇ ತಗದ ಇಟ್ಟೇನಿ.”

ದೀಪಾ ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಅಂದಳು: “ಹೆಸರಿಡೂದು ಐದನೇ ತಿಂಗಳಿಗಿ ಅಲ್ರಿ ಅಕ್ಕಾರ? ಇನ್ನ ಮೂರ ತಿಂಗಳ ಐತಿ. ನೋಡೂಣು.”

“ನೋಡೂಣು,” ಅಂದಳು ವೈನಿ. “ಮಂಡಿಗೇನ ಕ್ಯಾಲೆಂಡರ್ ಓದಾಕ ಬರತೈತಿ?”

ಮರುದಿನವೇ ಡಾಕ್ಟರ್ ಬಾಯಿಯ ಎದುರು ಕೂತಿದ್ದೆ. ಅವಳು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದಳು.

“ಸೂಜಿ ತಗೊಂಡು ಮ್ಯಾಲ ಉಪವಾಸಾನೂ ಮಾಡಿದ್ರ್ಯಾ?”

“ಸೋಮವಾರ ಅಷ್ಟರಿ. ಮತ್ತ ನವರಾತ್ರಿ. ಮತ್ತ ಗುರುವಾರ.”

“ಗುರುವಾರ ಯಾವ ದೇವರದು?”

“ವೈನೀದು.”

ಅವಳು ಪೆನ್ನು ಕೆಳಗಿಟ್ಟಳು. ಸೂಜಿಯ ಪ್ರಮಾಣ ಇದ್ದಷ್ಟೇ ಇರಲಿ, ಏರಿಸುವುದಿಲ್ಲ ಎಂದಳು. ದಿನಕ್ಕೆ ಮೂರು ಸಲ ಬೇಳೆಯೋ ಕಾಳೋ ಮೊಸರೋ ಕಡ್ಡಾಯ. ಒಂದು ಕುರ್ಚಿ ಎಳೆದು ಕೂರಿಸಿ, ಎದೆಯ ಮೇಲೆ ಕೈಕಟ್ಟಿಸಿ ಏಳಿಸಿದಳು. ಎರಡು ಸಲಕ್ಕೆ ನಾನು ತೇಕಿದೆ.

“ಮಂಡಿಗೆ ತನ್ನ ಭಾರ ತನಗ ಹೊರಾಕ ಆಗವಲ್ದು. ತೊಡಿ ಗಟ್ಟಿ ಆದ್ರ ಅರ್ಧಾ ಭಾರ ತೊಡಿ ಹೊರತೈತಿ. ಸ್ವಲ್ಪ ನೋವು ಬಂದ್ರ ಹೆದರಬ್ಯಾಡ್ರಿ, ಬಾವು ಬಂದ್ರ ನಿಂದರ್ರಿ. ಬಗ್ಗೂವಾಗ ಮಂಡಿಯಿಂದ ಬಗ್ಗಬ್ಯಾಡ್ರಿ, ಕುಂಡಿ ಹಿಂದ ಹಾಕಿ ಸೊಂಟದಿಂದ ಬಗ್ರಿ. ಮತ್ತ ಸೂಜಿ ಬಿಟ್ಟ ದಿನ ಹಸಿವು ತಿರಗಿ ಬರತೈತಿ. ಅವತ್ತ ನಿಮ್ಮ ಕೂಡ ಉಳಿಯೂದು ಈ ಕಾಲಷ್ಟ.”

ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಎದುರು ಮಷೀನಿನಲ್ಲಿ ಕೂಡುವವಳು ಹಸೀನಾ. ಸೀರೆಗೆ ಫಾಲು, ಪೀಕೋ ಅವಳದು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ಗಟ್ಟಿ ಹೆಂಗಸು, ನನ್ನ ಚಿಂತೆಗಳನ್ನು ಕೇಳಿ ಕೇಳಿ ಕಿವಿಯಲ್ಲಿ ದಾರ ತುಂಬಿಕೊಂಡವಳು. ನಡೆದದ್ದನ್ನೆಲ್ಲ ಹೇಳಿದೆ. ಹಲ್ಲಿನಿಂದ ದಾರ ಕಡಿದು ಅಂದಳು: “ಯಕ್ಕಾ, ಬಾಯಿ ಸೇಡು ತೀರಸಂಗಿಲ್ಲ, ಕಾಲು ತೀರಸ್ತಾವ. ಏಳ.”

ಅಂದಿನಿಂದ ನಿಯಮ ಆಯಿತು. ಅಂಗಡಿಗೆ ಗಿರಾಕಿ ಬಂದರೆ ಅವರ ಅಳತೆ ತೆಗೆಯುವ ಮೊದಲು ನಾನು ಐದು ಸಲ ಕುರ್ಚಿಯಿಂದ ಏಳಬೇಕು, ಕೂಡಬೇಕು.

“ಕೈ ಊರಬ್ಯಾಡ! ಕೈ ಊರಿದ್ದು ಎಣಿಕೀಗಿ ಇಲ್ಲ,” ಹಸೀನಾ ಮಷೀನು ತುಳಿಯುತ್ತಲೇ ಕೂಗುತ್ತಿದ್ದಳು. “ಮೂರು. ಮತ್ತ ಮೂರು. ತೋಬಾ, ಇದೂ ಮೂರ!”

ಗಿರಾಕಿಗಳೂ ಎಣಿಸತೊಡಗಿದರು. ಲಗ್ನದ ಸೀಜನ್ ಬೇರೆ, ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುವವರು. ಸಂಜೆ ಯಜಮಾನರು ಡ್ಯೂಟಿ ಮುಗಿಸಿ ಬಂದ ಮೇಲೆ ಊರ ಹೊರಗಿನ ರಸ್ತೆಯಲ್ಲಿ ನಡಿಗೆ. ಅವರಿಗೆ ಸ್ಟಾಪ್ ಬಂದಲ್ಲೆಲ್ಲ ನಿಲ್ಲುವ ಚಟ, ಅದು ನನಗೆ ಅನುಕೂಲವೇ ಆಯಿತು. ಮೊದಲ ಹದಿನೈದು ದಿನ ತೊಡೆಗಳು ಬೆಂಕಿ. ಬೆಳಿಗ್ಗೆ ಎದ್ದರೆ ಮುಲಾಮು, ಮುಲಾಮು ಹಚ್ಚಿದ ಕೈಗೆ ಹೆಸರುಕಾಳಿನ ಉಸುಳಿಯ ಬಟ್ಟಲು. ಕುರ್ಚಿಯಿಂದ ಸ್ಟೂಲಿಗೆ ಇಳಿದೆ. ಎಳ್ಳಮಾವಾಸ್ಯೆಗೆ ಸ್ಟೂಲಿನಿಂದ ಒಂದು ಗೇಣು ಎತ್ತರದ ಮಣೆಗೆ.

ಮಣೆಯ ಮೇಲಿಂದ ಬರಿಗೈಯಲ್ಲಿ ಏಳಲು ಬಂದ ದಿನ ಹಸೀನಾ ಮೂಲೆಯಿಂದ ಇದ್ದಲಿಯ ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ತೆಗೆದಳು. ಹಿತ್ತಾಳೆಯದು, ಐದು ತಿಂಗಳ ಕೂಸಿನಷ್ಟೇ ಭಾರ. ಅದನ್ನೊಂದು ಕೌದಿಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. “ತಗೋ, ನಿಮ್ಮ ವೈನಿ ರಿಯಾಂಶಿ.” ರಿಯಾಂಶಿಯನ್ನು ಎದೆಗವಚಿಕೊಂಡು ಕೂತೆ, ಕತ್ತರಿಸುವ ಮೇಜಿನ ಕೆಳಗಿಂದ ದಾಟಿಸಿದೆ, ಎದ್ದೆ. ಆಮೇಲೆ ಮೇಜಿನ ಮೇಲೆ ಬಗ್ಗಿ ನಿಂತರೆ ಹಿಂದಿನಿಂದ ಹಸೀನಾ, “ಬಂದ್ಲು ನೋಡ ಕಸ್ತೂರಿ!” ಎಂದು ಬೆನ್ನಿಗೆ ಗುದ್ದುವಳು. ಮೊದಲ ದಿನ ಅಸ್ತರಿನ ಬಟ್ಟೆಯ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದೆ. ಜಂಪರ್ ಒಯ್ಯಲು ಬಂದಿದ್ದ ಸಾಲೆಯ ಅಕ್ಕೋರು ಬಾಗಿಲಿನಿಂದಲೇ ತಿರುಗಿ ಹೋದರು.

ಎಂಟನೇ ಎಣಿಕೆಗೆ ಕಾಲು ಸೋಲುತ್ತಿತ್ತು. ಆಗ ನಾನು ಮಲ್ಲುವಿನ ಮದುವೆಯ ಫೋಟೋ ನೆನೆಯುತ್ತಿದ್ದೆ. ಒಂಬತ್ತು ಬರುತ್ತಿತ್ತು. ಹತ್ತಕ್ಕೆ ಇನ್ನೊಂದು ನೆನಪು ಇತ್ತು, ಅದನ್ನು ಹಸೀನಾಳಿಗೂ ಹೇಳಿಲ್ಲ. ಅವತ್ತು ವೈನಿ ಹಾಗೆಂದಾಗ, ಮಂಟಪದ ಹೊರಗೆ ಕುರ್ಚಿ ಒಯ್ದು ಹಾಕಿದವಳು ನಾನು. “ಅವ್ವಾ, ನೀ ಇಲ್ಲೆ ಆರಾಮ ಕುಂದ್ರು” ಅಂದವಳೂ ನಾನೇ. ಅವ್ವ “ಹೂಂ ಯವ್ವಾ, ನಡಿ ನೀ” ಅಂದಿದ್ದಳು. ಫೋಟೋದಲ್ಲಿ ಎಡದಿಂದ ಮೂರನೆಯವಳಾಗಿ ನಾನು ನಗುತ್ತ ನಿಂತಿದ್ದೇನೆ. ಹತ್ತು ಹಾಗೆ ಬರುತ್ತಿತ್ತು.

ಸಂಕ್ರಾಂತಿಯಾದ ಮೇಲೆ ಒಂದು ಮಧ್ಯಾಹ್ನ ದೀಪಾಳ ಫೋನು.

“ಅಕ್ಕಾರ, ಹೆಸರು ಯಾವದ ಇಡತೀರಿ?”

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಕೂಸು ಅವಳದು. ಅವಳು ಬೇಡವೆಂದರೆ ಮುಗಿಯಿತು. “ಗೌರವ್ವ,” ಅಂದೆ. ಆ ಕಡೆ ತೊಟ್ಟಿಲಿನ ಕೊಂಡಿ ಕಿರ್ರೆಂದಿತು.

“ಲಗ್ನದ ದಿನ ಅತ್ತಿಯವರು ಕುರ್ಚಿ ಮ್ಯಾಲಿಂದ ಕೈ ಮಾಡಿ ಕರದ್ರು. ಸೆರಗಿನ ಗಂಟಿನ್ಯಾಗಿಂದ ಒಂದ ಪೇಢಾ ತಗದ ಕೊಟ್ರು. ‘ಉಂಡಿಲ್ಲಲ್ಲ ನೀ, ತಿನ್ನು’ ಅಂದ್ರು. ಅವತ್ತ ನನಗ ಹಂಗ ಕೇಳಿದವರು ಅವರೊಬ್ರ.” ಅವಳು ಮೂಗೆಳೆದುಕೊಂಡಳು. “ಇಡ್ರಿ. ಸಾಲ್ಯಾಗ ಗೌರಿ ಅಂತ ಬರಸ್ತೇವಿ. ಕಸ್ತೂರಿ ಅಕ್ಕಾರಿಗೆ ನಾ ಏನೂ ಹೇಳಿಲ್ಲ, ನೀವೂ ನನಗ ಏನೂ ಹೇಳಿಲ್ಲ.”

ಮಾಘದಲ್ಲಿ ಹೆಸರಿಡುವ ದಿನ. ಸವದತ್ತಿಯ ಗಾಳಿಗೆ ಬಾಗಿಲ ತೋರಣ ಒಂದೇ ಕಡೆ ಒರಗಿತ್ತು. ನಾನು ಎಂಬತ್ನಾಲ್ಕು ಕಿಲೋ. ತೆಳ್ಳಗೆ ಎಂದು ಯಾರೂ ಅನ್ನಲಾರರು. ಬೆಳಿಗ್ಗೆ ಎದ್ದಾಗಿನಿಂದ ಚಿಂತೆ: ಮಂಡಿ ಹಿಡಿದರೆ, ಸೆರಗು ಕಾಲಿಗೆ ತೊಡರಿದರೆ, ಎಲ್ಲಕ್ಕಿಂತ ಮಿಗಿಲಾಗಿ ವೈನಿ ಹೇಳಿದ್ದು ನಿಜವಾಗಿಬಿಟ್ಟರೆ, ಕೂಸಿನ ಮೇಲೆಯೇ ಬಿದ್ದರೆ. ಸೇಡಿಗಾಗಿ ಒಂದು ಕೂಸನ್ನು ಪಣಕ್ಕಿಡುವ ಹೆಂಗಸೇ ನಾನು ಎಂದು ಕೇಳಿಕೊಂಡೆ. ಅದಕ್ಕೇ ಮೂರು ತಿಂಗಳು ಕೂತೆದ್ದು, ಇಸ್ತ್ರಿ ಪೆಟ್ಟಿಗೆ ಹೊತ್ತೆನಲ್ಲ ಎಂದು ಉತ್ತರಿಸಿಕೊಂಡೆ. ಎರಡೂ ನಿಜವಿರಬೇಕು.

ರೇಖಾ ಬಂದಿದ್ದಳು, ಜರಿಸೀರೆ, ಸಪೂರ ಸೊಂಟ. ತೊಟ್ಟಿಲ ಸುತ್ತ ಹೆಂಗಸರು ನೆರೆದಾಗ ಕಸ್ತೂರಿ ವೈನಿ ಎಲ್ಲರೆದುರು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನನ್ನ ಹಿಂದೆ ಇಟ್ಟಳು.

“ಸುಮಂಗಲಾ, ನೀ ಹಿರೇ ಮನಶ್ಯಾಳು. ಇಲ್ಲೇ ಆರಾಮ ಕುಂತ ನೋಡ. ದಾಟಸೂದು, ಹೆಸರ ಹೇಳೂದು ರೇಖಾ ಮಾಡತಾಳ.”

ನಾನು ಕುರ್ಚಿಯನ್ನು ನೋಡಿದೆ. “ರೇಖಾಗ ಕೊಡ್ರಿ ವೈನಿ, ಬಸ್ಸಿನ್ಯಾಗ ಬಂದ ದಣದಾಳ,” ಎಂದು ದೀಪಾಳ ಕೈಯಿಂದ ಕೂಸನ್ನು ತೆಗೆದುಕೊಂಡೆ.

ಕುಂಡಿ ಹಿಂದಕ್ಕೆ, ಸೊಂಟದಿಂದ, ಮೆಲ್ಲಗೆ. ಕೂತೆ. ತೊಟ್ಟಿಲ ಕೆಳಗಿಂದ ದಾಟಿಸಿದೆ, ಎದ್ದೆ, ತೊಟ್ಟಿಲ ಆ ಬದಿಯಲ್ಲಿ ಕೂಸನ್ನು ಹಿಡಿದವಳು ಮೇಲಿಂದ ತಿರುಗಿ ಕೊಟ್ಟಳು. ಒಂದು. ಎರಡನೇ ಸಲ ಏಳುವಾಗ ಬೆವರು ಕಣ್ಣಿಗಿಳಿಯಿತು. ಮೂರನೇ ಸಲ ಎಡಮಂಡಿ ‘ಕಟಕ್’ ಅಂದದ್ದು ಮನೆಗೆಲ್ಲ ಕೇಳಿತು. ಯಾರದೋ ಕೈ ನನ್ನ ರಟ್ಟೆಗೆ ಬಂತು. “ಬ್ಯಾಡ,” ಅಂದೆ. ತೊಡೆ ನಡುಗಿತು, ನಡುಗುತ್ತಲೇ ಎತ್ತಿತು. ಎದ್ದು ನಿಂತೆ.

ಕೂಸನ್ನು ಮಲಗಿಸಿ ಬಗ್ಗಿದೆ. ಸಣ್ಣ ಕಿವಿ, ಅದರ ಹಿಂದೆ ದೃಷ್ಟಿಬೊಟ್ಟು. “ಕುರ್ರ್… ಗೌರವ್ವ.” ಮೂರು ಸಲ ಹೇಳಿದೆ. ಮೂರನೆಯದನ್ನು ಪಿಸುಗುಟ್ಟಲಿಲ್ಲ. ನೀರು ಸೇದುವ ಬಾವಿಯ ತನಕ ಕೇಳುವಂತೆ ಹೇಳಿದೆ.

ಬಳೆಗಳ ಸದ್ದಿನೊಡನೆ ಗುದ್ದುಗಳು ಬಿದ್ದವು. ಮೆತ್ತನೆಯವು, ನಗುವಿನವು, ಲೆಕ್ಕಕ್ಕಿಲ್ಲದವು. ಆಮೇಲೆ ಅದು ಬಂತು. ಮುಷ್ಟಿಯ ಹಿಂದೆ ಚಿನ್ನದ ಪಾಟಲಿ ಬಳೆಯ ಭಾರ, ಅದರ ಹಿಂದೆ ಇಡೀ ಮೈ. ಮೂವತ್ತು ವರ್ಷದ ಸೊಸೆತನವನ್ನೆಲ್ಲ ಕೂಡಿಸಿ ಹಾಕಿದ ಗುದ್ದು. ನನ್ನ ಉಸಿರು ಬಾಯಿಂದ ಹೊರಗೆ ಹಾರಿತು. ಕಾಲಿನ ಹೆಬ್ಬೆರಳುಗಳು ನೆಲ ಹಿಡಿದವು, ತೊಡೆ ಬಿಗಿಯಿತು. ತೊಟ್ಟಿಲು ಅಲ್ಲಾಡಲಿಲ್ಲ. ಇನ್ನೊಂದು ಬಿತ್ತು. ನಾನು ಕೂಸಿನ ಮೇಲೆ ಕಮಾನಿನಂತೆ ನಿಂತೇ ಇದ್ದೆ. ಅದು ಕೆಳಗಿನಿಂದ ನನ್ನ ತಾಳಿಯತ್ತ ಕೈ ಬೀಸುತ್ತಿತ್ತು. ಮೂರನೆಯ ಗುದ್ದಿಗೆ ವೈನಿಯ ಕೈಯಲ್ಲಿ ಬಲ ಉಳಿದಿರಲಿಲ್ಲ. ಕೈ ನನ್ನ ಬೆನ್ನ ಮೇಲೆಯೇ ಉಳಿಯಿತು. ಪ್ರೀತಿಗಲ್ಲ, ದಣಿದಿದ್ದಳು. ಅವಳ ಭಾರವನ್ನೂ ಹೊತ್ತು ಹತ್ತು ಎಣಿಸುವ ತನಕ ಹಾಗೇ ಬಗ್ಗಿ ನಿಂತೆ. ಗೊತ್ತಾಗಲಿ ಎಂದೇ ನಿಂತೆ.

ನಾನು ನೆಟ್ಟಗಾದಾಗ ಅವಳ ಮುಖ ನನ್ನ ಮುಖದ ಸಮೀಪವೇ ಇತ್ತು. ತುಟಿ ಒಣಗಿತ್ತು.

“ಅಕೀನ್ನ ತಿರಗಿ ತಂದ ನನ್ನ ಮನ್ಯಾಗ ಇಟ್ಟಿ,” ಅಂದಳು, ನನ್ನೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ.

ನಾನು ತೊಟ್ಟಿಲಿನಿಂದ ಕೂಸನ್ನು ಎತ್ತಿ, ಅವಳು ಬೇಡ ಅನ್ನುವಷ್ಟರಲ್ಲಿ ಅವಳ ಎರಡೂ ಕೈಗೆ ಇಟ್ಟೆ.

“ಹೌದ್ರಿ ವೈನಿ. ಈ ಸಲ ಎತ್ತಿಕೊಂಡ ತಿರಗ್ರಿ.”